ಬಡ್ಡಿಯಿಲ್ಲದ ದುಡ್ಡು

ನಮ್ಮ ಕಡೆ ಜಮೀನನ್ನು ಇನ್ನೊಬ್ಬರಿಗೆ ಬಿಡುವುದಕ್ಕೆ ಎರಡು ಬಗೆ. ಒಂದು ಗುತ್ತಿಗೆ: ಮಳೆ ಬರಲಿ, ಬಿಡಲಿ, ಒಪ್ಪಿಕೊಂಡಷ್ಟನ್ನು ಒಡೆಯನಿಗೆ ಕೊಡಲೇಬೇಕು. ಇನ್ನೊಂದು ವಾರ: ಬೆಳೆದದ್ದರಲ್ಲಿ ಪಾಲು. ಬೆಳೆ ಹೋದರೆ ಇಬ್ಬರದೂ ಹೋಯಿತು. ಗುಬ್ಬಿ, ಕುಣಿಗಲ್, ತುಮಕೂರು ಶಾಖೆಗಳಲ್ಲಿ ಮೂರು ದಶಕ ಸಾಲದ ಅರ್ಜಿಗಳನ್ನು ತಿರುವಿಹಾಕಿದ ನನಗೆ ‘ವೆಂಚರ್ ಕ್ಯಾಪಿಟಲ್’ ಎಂಬುದು ತಲೆಗೆ ಹತ್ತಿದ್ದು ಈ ವಾರದ ಲೆಕ್ಕದಿಂದಲೇ. ಪತ್ರಿಕೆಗಳು ಅದನ್ನು ಸಾಹಸ ಬಂಡವಾಳ ಎಂದು ಕರೆದವು.

ನಾವು ಬ್ಯಾಂಕಿನವರು ನೋಡುತ್ತಿದ್ದುದು ಪಹಣಿ, ಕ್ರಯಪತ್ರ ಮತ್ತು ಜಾಮೀನುದಾರರ ಮುಖ. ಅಡಿಕೆ ತೋಟವಿದ್ದವನಿಗೆ ಸಾಲ ಸಿಗುತ್ತಿತ್ತು, ಬರೀ ತಲೆಯಿದ್ದವನಿಗೆ ಸಿಗುತ್ತಿರಲಿಲ್ಲ. ಠೇವಣಿದಾರರ ದುಡ್ಡಲ್ಲವೇ, ಹಾಗೆಯೇ ಇರಬೇಕು. ಆದರೆ ಬರೀ ತಲೆಯಿದ್ದವರು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಉತ್ತರವಾಗಿ 1988ರಲ್ಲಿ ನಮ್ಮ ಬೆಂಗಳೂರಿನಲ್ಲೇ ಒಂದು ಸಂಸ್ಥೆ ಹುಟ್ಟಿತು. ಐಸಿಐಸಿಐ ಮತ್ತು ಯುಟಿಐ ಸೇರಿ ಕಟ್ಟಿದ ಅದರ ಹೆಸರು ಗೂಡ್ಸ್ ರೈಲಿನಷ್ಟು ಉದ್ದ: ಟೆಕ್ನಾಲಜಿ ಡೆವಲಪ್‌ಮೆಂಟ್ ಅಂಡ್ ಇನ್‌ಫರ್ಮೇಷನ್ ಕಂಪೆನಿ ಆಫ್ ಇಂಡಿಯಾ. ಬಾಯಿಮಾತಿನಲ್ಲಿ ಟಿಡಿಐಸಿಐ. ಮೊದಲ ನಿಧಿ 20 ಕೋಟಿ ರೂಪಾಯಿ, ಮುಂದಿನದು 100 ಕೋಟಿ. ಮಾಸ್ಟೆಕ್, ಮೈಕ್ರೋಲ್ಯಾಂಡ್‌ನಂಥ ಕಂಪ್ಯೂಟರ್ ಕಂಪೆನಿಗಳಿಗೆ ಅದು ದುಡ್ಡು ಹಾಕಿತು. ಮುಂದೆ ಅದೇ ಐಸಿಐಸಿಐ ವೆಂಚರ್ ಆಯಿತು.

ಆ ಕಾಲದ ಇಂಥ ನಿಧಿಗಳು ಷೇರು ಕೊಳ್ಳುವುದರ ಜೊತೆಗೆ ಷರತ್ತಿನ ಸಾಲವನ್ನೂ ಕೊಡುತ್ತಿದ್ದವು. ಮಾಲು ಮಾರಾಟವಾದರೆ ಅದರಲ್ಲಿ ಶೇಕಡಾ ಇಷ್ಟು ಎಂದು ರಾಯಧನ, ಮಾರಾಟವೇ ಆಗದಿದ್ದರೆ ಏನೂ ಇಲ್ಲ. ಅಪ್ಪಟ ವಾರ!

ಬಯೋಕಾನ್ ಕಥೆ ಮಕ್ಕಳಿಗೆ ಗೊತ್ತಿರಬೇಕು. 1978ರಲ್ಲಿ ಕಿರಣ್ ಮಜುಂದಾರ್ ಎಂಬ 25ರ ಹುಡುಗಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ 10,000 ರೂಪಾಯಿ ಇಟ್ಟುಕೊಂಡು ಶುರು ಮಾಡಿದ್ದು. ಪರಂಗಿಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವ ತೆಗೆಯುವ ಕೆಲಸ. ಹೆಣ್ಣುಮಗಳು, ಚಿಕ್ಕ ವಯಸ್ಸು, ಯಾರೂ ಕೇಳರಿಯದ ಉದ್ಯಮ. ಬ್ಯಾಂಕುಗಳು ಹಿಂದೇಟು ಹಾಕಿದವು. ಹೇಗೋ ದಾರಿ ಮಾಡಿಕೊಂಡು ಬೆಳೆದ ಮೇಲೆ, ಎಂಬತ್ತರ ದಶಕದ ಕೊನೆಗೆ ಹೊಸ ಸಂಶೋಧನೆಗೆ ದೊಡ್ಡ ಮೊತ್ತ ಬೇಕಾಯಿತು. ಆಗ ಐಸಿಐಸಿಐ ಅಧ್ಯಕ್ಷರಾಗಿದ್ದ ನಾರಾಯಣನ್ ವಘುಲ್ ಅವರ ಬೆಂಬಲದಿಂದ ಸುಮಾರು ಎರಡೂವರೆ ಲಕ್ಷ ಡಾಲರ್ ಸಾಹಸ ಬಂಡವಾಳ ಒದಗಿತು. 2004ರಲ್ಲಿ ಬಯೋಕಾನ್ ಷೇರು ಪೇಟೆಗೆ ಬಂದ ಮೊದಲ ದಿನವೇ ಕಂಪೆನಿಯ ಬೆಲೆ ನೂರು ಕೋಟಿ ಡಾಲರ್ ದಾಟಿತು.

ಫ್ಲಿಪ್‌ಕಾರ್ಟ್ ಎಲ್ಲರಿಗೂ ಗೊತ್ತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಆರಂಭವಾದ ಅದಕ್ಕೆ ಮೊದಮೊದಲು ದುಡ್ಡು ಹಾಕಿದ್ದು ಆಕ್ಸೆಲ್. 2018ರಲ್ಲಿ ವಾಲ್‌ಮಾರ್ಟ್ ಅದರ ಶೇ 77ರಷ್ಟು ಪಾಲಿಗೆ 1,600 ಕೋಟಿ ಡಾಲರ್ ಕೊಟ್ಟಿತು. ಇಂಥ ಸುದ್ದಿಗಳೇ ಮುಖಪುಟಕ್ಕೆ ಬರುವುದು. ಹತ್ತು ಕಂಪೆನಿಗೆ ದುಡ್ಡು ಹಾಕಿದರೆ ಹೆಚ್ಚಿನವು ಸೊರಗುತ್ತವೆ, ಒಂದೋ ಎರಡೋ ಉಳಿದವುಗಳ ನಷ್ಟ ತುಂಬಿಕೊಡುತ್ತವೆ. ಮುಳುಗಿದವುಗಳ ಫೋಟೋಕ್ಕೆ ಯಾರೂ ಕಟ್ಟು ಹಾಕಿಸುವುದಿಲ್ಲ.

ಕಳೆದ ವರ್ಷ ಕುಣಿಗಲ್ ಕಡೆಯ ಹಳೇ ಗ್ರಾಹಕರೊಬ್ಬರು ಮನೆಗೆ ಬಂದರು. ಮಗ ತುಮಕೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ಪಂಪ್‌ಸೆಟ್ಟಿಗೆ ಅದೇನೋ ಯಂತ್ರ ಮಾಡಿದ್ದಾನಂತೆ, ಬೆಂಗಳೂರಿನವರು ಐವತ್ತು ಲಕ್ಷ ಹಾಕುತ್ತಾರಂತೆ, ಓದು ಬಿಡುತ್ತೇನೆ ಎನ್ನುತ್ತಿದ್ದಾನೆ.

“ಬಡ್ಡಿ ಇಲ್ವಂತೆ, ಪತ್ರನೂ ಬ್ಯಾಡ್ವಂತೆ ಸಾರ್. ಹಂಗಾದ್ರೆ ಏನೋ ಮೋಸ ಇರ್ಬೇಕು.”

ಮೋಸವಲ್ಲ, ವಾರ ಅಂದೆ. ಬಡ್ಡಿಯ ಬದಲು ಕಂಪೆನಿಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಆದರೆ ನಿಧಿಗೂ ಆಯಸ್ಸು ಸುಮಾರು ಹತ್ತು ವರ್ಷ. ಅಷ್ಟರೊಳಗೆ ಪಾಲು ಮಾರಿ ಹೊರಡಬೇಕು. ಹುಡುಗನಿಗೆ ನಿಧಾನ ಹಿತವೆನಿಸಿದರೂ ಅವರಿಗೆ ಆತುರವಿರುತ್ತದೆ. ಕಂಪೆನಿ ಮಾರಿದರೆ ಮೊದಲು ತಮ್ಮ ದುಡ್ಡು ಎತ್ತಿಕೊಳ್ಳುವ ಷರತ್ತೂ ಸಾಮಾನ್ಯ.

ಕರಾರಿನ ಕರಡನ್ನು ಹುಡುಗನೇ ತಂದು ತೋರಿಸಿದ. ನಾಲ್ಕು ವರ್ಷದೊಳಗೆ ಬಿಟ್ಟು ಹೋದರೆ ಅವನ ಷೇರಿನಲ್ಲಿ ಉಳಿದ ಭಾಗ ಕೈತಪ್ಪುತ್ತದೆ ಎಂದಿತ್ತು.

“ಅಂದ್ರೆ ಜೀತವಾ?” ಅಂದರು ಅಪ್ಪ.

“ಜೀತ ಅಲ್ಲಪ್ಪ, ಹೋಗ್ಬೋದು. ಪಾಲು ಹೋಗುತ್ತೆ ಅಷ್ಟೆ,” ಅಂದ ಮಗ.

ನಾನು ಹುಡುಕಿದ್ದು ಬೇರೆಯದನ್ನು: ಎಲ್ಲಾದರೂ ಅಪ್ಪನ ಜಾಮೀನು, ತೆಂಗಿನ ತೋಟದ ಸರ್ವೆ ನಂಬರ್ ಇದೆಯೇ ಎಂದು. ಇರಲಿಲ್ಲ. ಹಾಗಿದ್ದರೆ ಕಂಪೆನಿ ಮುಳುಗಿದರೂ ತೋಟ ಉಳಿಯುತ್ತದೆ. ಡಿಗ್ರಿಯ ಮಾತು ಮಾತ್ರ ಬಿಡಲಿಲ್ಲ ನಾನು. ಉಳಿದಿರುವುದು ಎಂಟು ತಿಂಗಳು, ಅಷ್ಟು ಕಾಯುತ್ತಾರೆಯೇ ಅಂತ ಕೇಳಿಕೊಂಡು ಬಾ ಅಂದೆ.

ಕಾಯುತ್ತೇವೆ ಅಂದರಂತೆ. ಅಪ್ಪ ಆದರೂ ತೋಟದ ಪತ್ರಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಹೆಂಡತಿಗೆ ಕೊಟ್ಟಿದ್ದಾರೆ.