ಗ್ರೂಪ್‌ನಲ್ಲಿ ಪಿಡಿಎಫ್ ಇದೆ, ಪಾಠ ಎಲ್ಲಿದೆ?

(1/5)
ಸ್ಕ್ರೋಲ್ ಮಾಡೋದು ಒಂದ್ನಿಮಿಷ ನಿಲ್ಸಿ, ನಿಮ್ಮ ಕ್ಲಾಸ್ ವಾಟ್ಸಾಪ್ ಗ್ರೂಪ್ ತೆಗೀರಿ. ಕೊನೆಯ ಇಪ್ಪತ್ತು ಮೆಸೇಜ್ ನೋಡಿ. ಪಿಡಿಎಫ್ ಎಷ್ಟು? "ಓಕೆ ಸರ್", "ಥ್ಯಾಂಕ್ಯೂ ಮೇಡಂ" ಎಷ್ಟು? ಪಾಠದ ಬಗ್ಗೆ ಒಂದಾದ್ರೂ ಪ್ರಶ್ನೆ ಇದೆಯಾ?

ನಮ್ಮ ಬಿಎಸ್ಸಿ ಗ್ರೂಪ್‌ನಲ್ಲಿ ಒಂದೂ ಇರ್ಲಿಲ್ಲ. ಪಿಡಿಎಫ್ ಡೌನ್‌ಲೋಡ್ ಆದ್ರೆ ಸಾಕು, ಅರ್ಧ ಓದಿ ಮುಗಿಸಿದಷ್ಟು ಸಮಾಧಾನ ನಮಗೆ! "ಮೊಬೈಲ್ ವರವೋ ಶಾಪವೋ" ಅನ್ನೋ ಚರ್ಚಾಸ್ಪರ್ಧೆ ಹೈಸ್ಕೂಲಲ್ಲೇ ಮುಗಿದಿದೆ. ಕ್ಲಾಸ್‌ನಲ್ಲಿ ಅದನ್ನಿಟ್ಕೊಂಡು ಏನು ಮಾಡ್ಬಹುದು ಅಂತ ಮಾತಾಡೋಣ.

(2/5)
ನಮ್ಮ ಫಿಸಿಕ್ಸ್ ಮೇಡಂ ಒಂದು ದಿನ ಜೆರಾಕ್ಸ್ ಹಾಳೆಗಳ ಕಟ್ಟು ತಂದ್ರು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್, ಅದರ ಮೇಲೆ ಕಪ್ಪು ಚೌಕಗಳ ಚಿತ್ರ. ಹೆಸರು ಪ್ಲಿಕರ್ಸ್. ಕಾರ್ಡಿನ ಯಾವ ಬದಿ ಮೇಲೆ ಬರೋ ಹಾಗೆ ಹಿಡೀತೀರೋ ಅದೇ ನಿಮ್ಮ ಉತ್ತರ: ಎ, ಬಿ, ಸಿ ಅಥವಾ ಡಿ. ಮೇಡಂ ತಮ್ಮ ಫೋನಿನ ಕ್ಯಾಮೆರಾನ ಒಂದ್ಸಲ ಕ್ಲಾಸ್ ಪೂರ್ತಿ ಹಾಯಿಸಿದ್ರು, 48 ಜನರ ಉತ್ತರವೂ ಬಂತು. ಮಕ್ಕಳ ಹತ್ರ ಫೋನ್ ಇರಲೇಬೇಕು ಅಂತಿಲ್ಲ. ಒಬ್ಬೊಬ್ಬರ ಚಿತ್ರ ಒಂದೊಂದು ಥರ ಇರೋದ್ರಿಂದ ಪಕ್ಕದವರ ಉತ್ತರ ಏನು ಅಂತ ಥಟ್ಟನೆ ಗೊತ್ತಾಗಲ್ಲ. ತಪ್ಪಾದ್ರೆ ನಗ್ತಾರೆ ಅನ್ನೋ ಭಯ ಇಲ್ಲ.

ಪ್ರಶ್ನೆ ಇದು: ನೇರ ಮೇಲಕ್ಕೆ ಎಸೆದ ಚೆಂಡು ತುತ್ತತುದಿ ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ ಎಷ್ಟು?

ತುಂಬಾ ಜನ ಸೊನ್ನೆ ಅಂದ್ರು. ಮೇಡಂ ಉತ್ತರ ಹೇಳಲೇ ಇಲ್ಲ. "ಎರಡು ನಿಮಿಷ ಕೊಡ್ತೀನಿ, ಪಕ್ಕದವರನ್ನ ಒಪ್ಸಿ" ಅಂದ್ರು. ಕ್ಲಾಸ್ ಸಂತೆ ಆಯ್ತು. ಆಗ ಯಾವತ್ತೂ ಬಾಯಿ ಬಿಡದ ಹಿಂದಿನ ಬೆಂಚಿನ ಗೆಳತಿ ಹೇಳಿದ್ಳು: "ವೇಗಾನೂ ಸೊನ್ನೆ, ವೇಗೋತ್ಕರ್ಷಾನೂ ಸೊನ್ನೆ ಆದ್ರೆ ಚೆಂಡು ಅಲ್ಲೇ ನೇತಾಡ್ಬೇಕಿತ್ತಲ್ವಾ? ಕೆಳಗೆ ಯಾಕೆ ಬರುತ್ತೆ?"

ಎರಡನೇ ಸಲ ಕಾರ್ಡ್ ಎತ್ತಿದಾಗ ಹೆಚ್ಚಿನವರ ಉತ್ತರ ಬದಲಾಗಿತ್ತು: 9.8, ಕೆಳಮುಖವಾಗಿ.

(3/5)
ಈ ವಿಧಾನಕ್ಕೆ ಪೀರ್ ಇನ್‌ಸ್ಟ್ರಕ್ಷನ್ ಅಂತಾರೆ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ಇದನ್ನು ತಮ್ಮ ಕ್ಲಾಸಿಗೆ ತಂದರು. ಅವರ ವಿದ್ಯಾರ್ಥಿಗಳು ಸೂತ್ರ ಹಾಕಿ ಲೆಕ್ಕ ಬಿಡಿಸ್ತಿದ್ರು, ಆದ್ರೆ ಮೂಲ ಪರಿಕಲ್ಪನೆ ಕೇಳಿದ್ರೆ ತಡವರಿಸ್ತಿದ್ರು. ಈಗಷ್ಟೇ ಅರ್ಥ ಮಾಡ್ಕೊಂಡವರಿಗೆ ತಾವು ಎಲ್ಲಿ ಸಿಕ್ಕಿಹಾಕ್ಕೊಂಡಿದ್ವಿ ಅನ್ನೋದು ಇನ್ನೂ ನೆನಪಿರುತ್ತೆ. ಅದಕ್ಕೇ ಎಷ್ಟೋ ಸಲ ಮೇಷ್ಟ್ರಿಗಿಂತ ಬೆಂಚ್‌ಮೇಟ್ ಹೇಳಿದ್ದು ಬೇಗ ತಲೆಗೆ ಹೋಗುತ್ತೆ.

(4/5)
ಈಗ ಕಹಿ ವಿಷಯ. ಆ ಗೆಳತಿಯ ಮನೇಲಿರೋದು ಒಂದೇ ಸ್ಮಾರ್ಟ್‌ಫೋನ್. ಅವಳ ಅಣ್ಣ ಕೆಲಸ ಮುಗಿಸ್ಕೊಂಡು ರಾತ್ರಿ ಒಂಬತ್ತಕ್ಕೆ ಬಂದ್ಮೇಲೆ ಅವಳ ಕೈಗೆ ಸಿಗುತ್ತೆ. ಒಂದ್ಸಲ ಟೆಸ್ಟ್ ಒಂದು ದಿನ ಮುಂಚೆ ಬಂತು. ಸುದ್ದಿ ಗ್ರೂಪ್‌ನಲ್ಲಿ ಮಾತ್ರ. ಅವಳು ನೋಡಿದ್ದು ರಾತ್ರಿ, ಟೆಸ್ಟ್ ಬೆಳಿಗ್ಗೆ. "ಗ್ರೂಪಲ್ಲಿ ಹಾಕಿತ್ತಲ್ಲ, ನೋಡ್ಬೇಕಿತ್ತು" ಅಂದ್ರು. 48 ಜನರಲ್ಲಿ ಚೆಂಡು ಯಾಕೆ ಕೆಳಗೆ ಬರುತ್ತೆ ಅಂತ ಕೇಳಿದವಳಿಗೆ ಆ ಟೆಸ್ಟಲ್ಲಿ ಬಂದಿದ್ದು ಪಾಸ್ ಮಾರ್ಕ್ಸ್ ಅಷ್ಟೇ.

ಅದೇ ಕ್ಲಾಸು, ಅದೇ ಹುಡುಗಿ. ಒಂದು ತಂತ್ರಜ್ಞಾನ ಅವಳಿಗೆ ಬಾಯಿ ಕೊಡ್ತು, ಇನ್ನೊಂದು ಬಾಗಿಲು ಹಾಕ್ತು.

(5/5)
ನಾವು ಮಾಡ್ಬಹುದಾದ್ದು (ಸೇವ್ ಮಾಡ್ಕೊಳ್ಳಿ):

• ಗ್ರೂಪಿಗೆ ಬಂದ ಸೂಚನೆ ಬೋರ್ಡ್ ಮೇಲೂ ಬರಲಿ. ಸಿಆರ್‌ಗಳೇ, ಇದು ನಿಮಗೆ.

• ಪಿಡಿಎಫ್ ಜೊತೆ ಒಂದು ಪ್ರಶ್ನೆ ಹಾಕಿ. ನೋಟ್ಸ್ ಮುಚ್ಚಿಟ್ಟು ಉತ್ತರಿಸಿ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು ನೆನಪಿನಿಂದ ಬರೆದು ನೋಡಿದವರು.

• ಫೆಟ್ ಸಿಮ್ಯುಲೇಶನ್‌ಗಳು ಉಚಿತ, ಹಲವು ಕನ್ನಡದಲ್ಲೂ ಇವೆ. ಒಂದ್ಸಲ ಡೌನ್‌ಲೋಡ್ ಮಾಡಿದ್ರೆ ನೆಟ್ ಇಲ್ದೆನೂ ಓಡುತ್ತೆ. ಮೂರು ಜನಕ್ಕೆ ಒಂದು ಫೋನ್ ಸಾಕು. ಫೋನ್ ಇಲ್ಲದವರ ಕೈಗೇ ಮೊದಲು ಕೊಡಿ.

ಕೊನೇ ಪ್ರಶ್ನೆ: ನಿಮ್ಮ ಕ್ಲಾಸ್‌ನಲ್ಲಿ ಮೆಸೇಜ್ ಎಲ್ಲರಿಗಿಂತ ತಡವಾಗಿ ತಲುಪೋದು ಯಾರಿಗೆ? ಕಾಮೆಂಟಲ್ಲಿ ಹೆಸರು ಬರೀಬೇಡಿ. ನಾಳೆ ಅವರ ಪಕ್ಕ ಹೋಗಿ ಕೂತ್ಕೊಳ್ಳಿ.

#ಕ್ಲಾಸ್‌ಗ್ರೂಪ್ #ಓದುವದಾರಿ #ಕನ್ನಡದಲ್ಲಿಕಲಿಕೆ