ಬೀಗದ ಕೈ ಕೊಟ್ಟ ಮೇಲೆ

ಮಂಗಳೂರಿನವರಿಗೆ ಕೇರಳ ಪರದೇಶವೇನಲ್ಲ, ತಲಪಾಡಿ ದಾಟಿದರೆ ಆಯ್ತು. ನರ್ಸಿಂಗ್ ಕಲಿಯಲು ಮಲಯಾಳಿ ಮಕ್ಕಳು ರೈಲು ತುಂಬಿ ನಮ್ಮೂರಿಗೆ ಬರುತ್ತಿದ್ದ ಕಾಲದಲ್ಲಿ ನಾನೂ ಇವರೂ ಎದುರು ದಿಕ್ಕಿನ ರೈಲು ಹತ್ತಿದೆವು. 1996ನೇ ಇಸವಿ. ಕೊಚ್ಚಿಯ ಕಲೂರಿನಲ್ಲಿ ಇಳಿದಾಗ ಅಲ್ಲಿಯ ದೊಡ್ಡ ಸ್ಟೇಡಿಯಂ ಆಗಷ್ಟೇ ಎದ್ದು ನಿಂತಿತ್ತು. ಮೆಟ್ರೋ ಕಂಬಗಳ ಕನಸೂ ಯಾರಿಗೂ ಬಿದ್ದಿರಲಿಲ್ಲ.

ನಮ್ಮನ್ನು ಕಳಿಸಿದ್ದು ಊರಿನ ಸಭೆ. ಕೆಲಸಕ್ಕೆಂದು ಇಲ್ಲಿಗೆ ಬರುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಒಂದು ಹಾಸ್ಟೆಲ್ ನಡೆಸಬೇಕು, ಭಾನುವಾರ ಸಂಜೆ ಕನ್ನಡದಲ್ಲಿ ಪ್ರಾರ್ಥನಾ ಕೂಟ ನಡೆಸಬೇಕು, ಇಷ್ಟೇ. ಮಿಷನರಿ ಅಂದಕೂಡಲೇ ನಿಮಗೆ ಉದ್ದ ಗಡ್ಡದ ಜರ್ಮನ್ ಪಾದ್ರಿ ನೆನಪಾಗಬಹುದು. ನಮ್ಮ ಮಿಷನರಿ ಕೆಲಸದಲ್ಲಿ ಮುಕ್ಕಾಲು ಪಾಲು ಗ್ಯಾಸ್ ಸಿಲಿಂಡರ್, ನೀರಿನ ಟ್ಯಾಂಕರ್, ಬಾಡಿಗೆ ಕರಾರು ಮತ್ತು ಲೆಕ್ಕದ ಪುಸ್ತಕ. ರಾತ್ರಿ ಏಳೂವರೆಗೆ ಗೇಟಿನ ಬೀಗ ಹಾಕುವುದು ನನ್ನ ಪಾಲಿನದು.

ಹೀಗೆ ಇಪ್ಪತ್ಮೂರು ವರ್ಷ ಕಳೆಯಿತು. 2019ರಲ್ಲಿ ಇವರಿಗೆ ಅರುವತ್ತೈದು ತುಂಬಿತು, ಮೊಣಕಾಲೂ ಮುಷ್ಕರ ಹೂಡಿತು. ಆಡಳಿತವನ್ನು ಒಂದು ಎಳೆಯ ಜೋಡಿಗೆ ಒಪ್ಪಿಸಿದೆವು. ಹುಡುಗ ತಿರುವನಂತಪುರದವನು, ಹುಡುಗಿ ಕಾಸರಗೋಡಿನವಳು, ಕನ್ನಡ ಮೀಡಿಯಂನಲ್ಲಿ ಓದಿದವಳು. ನಾವು ಹಿಂದಿನ ಓಣಿಯಲ್ಲೇ ಎರಡು ಕೋಣೆಯ ಮನೆ ಹಿಡಿದೆವು. ಮಲಯಾಳದಲ್ಲಿ ಜವಾಬ್ದಾರಿಗೆ ‘ಚುಮತಲ’ ಅನ್ನುತ್ತಾರೆ, ತಲೆಹೊರೆಗೆ ‘ಚುಮಡು’. ನನ್ನ ಕಿವಿಗೆ ಎರಡೂ ಒಂದೇ. ಹೊರೆ ಇಳಿಸಿದ ಮೇಲೆ ಕುತ್ತಿಗೆ ಹಗುರಾಗಬೇಕಲ್ಲವೇ? ಆದದ್ದು ಬೇರೆ. ಸಂಜೆ ಏಳೂವರೆ ಆಯಿತೆಂದರೆ ನನ್ನ ಕೈ ಸೊಂಟದಲ್ಲಿ ಬೀಗದ ಕೈ ಹುಡುಕುತ್ತಿತ್ತು.

ಅದರ ಮೇಲೆ ಊರಿನಿಂದ ತಂಗಿಯ ಫೋನು. “ಅಕ್ಕಾ, ಹಾಸ್ಟೆಲ್ ಕೊಟ್ಟಾಯ್ತಲ್ಲ, ಇನ್ನು ಅಲ್ಲಿ ನಿಮಗೇನು ಕೆಲಸ? ಬಲ್ಮಠದ ಮನೆ ಖಾಲಿ ಬಿದ್ದಿದೆ.” ನ್ಯಾಯವಾದ ಪ್ರಶ್ನೆ. ಪರಊರಿನಲ್ಲಿ ಇರುವವರಿಗೆ ಇರುವುದಕ್ಕೊಂದು ಕಾರಣ ಬೇಕು. ನಮ್ಮ ಕಾರಣವನ್ನು ನಾವೇ ಬೇರೆಯವರ ಕೈಗೆ ಕೊಟ್ಟಿದ್ದೆವು.

ಆ ದಿನಗಳಲ್ಲಿ ಊರಿಗೆ ಹೋಗುವಾಗ ತಲಶ್ಶೇರಿ ಬಂದಾಗಲೆಲ್ಲ ಗುಂಡರ್ಟ್ ದಂಪತಿ ನೆನಪಾಗುತ್ತಿದ್ದರು. ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್ ಮತ್ತು ಹೆಂಡತಿ ಜೂಲಿ 1839ರಲ್ಲಿ ಅಲ್ಲಿಯ ಇಲ್ಲಿಕ್ಕುನ್ನಿನಲ್ಲಿ ನೆಲೆಸಿದರು. ಜೂಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಅವರು 1847ರಲ್ಲಿ ಮಲಯಾಳದ ಪತ್ರಿಕೆ ಹೊರಡಿಸಿದರು, 1857ರಲ್ಲಿ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್ಸ್‌ಪೆಕ್ಟರ್ ಆದರು. 1859ರಲ್ಲಿ ಆರೋಗ್ಯ ಕೆಟ್ಟು ಜರ್ಮನಿಗೆ ಮರಳಬೇಕಾಯಿತು. ಕೈಯಲ್ಲಿ ಮಿಷನ್ ಸ್ಟೇಷನ್ ಇಲ್ಲ, ಶಾಲೆ ಇಲ್ಲ. ಆದರೆ ಇಂದು ಕೇರಳ ಅವರನ್ನು ಮುಖ್ಯವಾಗಿ ನೆನೆಯುವ ಮಲಯಾಳ ನಿಘಂಟು ಹೊರಬಂದದ್ದು 1872ರಲ್ಲಿ, ಅವರು ಊರಿಗೆ ಮರಳಿ ಹದಿಮೂರು ವರ್ಷಗಳಾದ ಮೇಲೆ. ಅದು ಅಚ್ಚಾದದ್ದು ಎಲ್ಲಿ ಅಂದುಕೊಂಡಿರಿ? ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ! ಇನ್ಸ್‌ಪೆಕ್ಟರ್ ಗುಂಡರ್ಟ್ ಎಷ್ಟು ಶಾಲೆಗೆ ಭೇಟಿ ಕೊಟ್ಟರೆಂದು ಯಾರೂ ಕೇಳುವುದಿಲ್ಲ. ಬೇರೆಯವರ ಕೈಗೆ ಅವರು ಕೊಟ್ಟ ಪುಸ್ತಕ ಉಳಿದಿದೆ.

ನಾವು ಗುಂಡರ್ಟ್ ಅಲ್ಲ, ನಿಘಂಟು ಬರೆಯುವ ತಾಕತ್ತೂ ಇಲ್ಲ. ಆದರೆ ಅಧಿಕಾರ ಹೋದ ಮೇಲೂ ಕೊಡುವುದಕ್ಕೆ ಏನೋ ಉಳಿದಿರುತ್ತದೆ ಎಂಬ ಧೈರ್ಯ ಬಂತು.

ಹೊಸಬರು ಮೊದಲು ಮಾಡಿದ್ದು ಗೇಟಿನ ಸಮಯವನ್ನು ಹತ್ತು ಗಂಟೆಗೆ ಏರಿಸಿದ್ದು. ಇಡಪ್ಪಳ್ಳಿಯ ಲುಲು ಮಾಲಿನಲ್ಲಿ ಶಿಫ್ಟ್ ಮುಗಿಸಿ ಬರುವ ಹುಡುಗಿಯರಿದ್ದಾರೆ, ಏಳೂವರೆ ಹೇಗಾದೀತು? ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು. ಇವರು ಮೆಲ್ಲಗೆ ಹೇಳಿದರು, “ಕೇಳಿದರೆ ಹೇಳು, ಕೇಳದಿದ್ದರೆ ಚಾ ಮಾಡಿ ಕೊಡು.” ಆ ವರ್ಷ ನಮ್ಮ ಮನೆಯಲ್ಲಿ ಚಾಪುಡಿಯ ಖರ್ಚು ಜೋರಾಗಿಯೇ ಇತ್ತು.

ನಿಜವಾಗಿ ಕೇಳಿದ್ದು ಒಂದು ರಾತ್ರಿ ಹನ್ನೊಂದು ಗಂಟೆಗೆ. ಹಾಸ್ಟೆಲಿನ ಒಬ್ಬಳು ಹುಡುಗಿ ಮೊಬೈಲ್ ಆ್ಯಪಿನಲ್ಲಿ ಸಾಲ ಮಾಡಿದ್ದಳು. ವಸೂಲಿಯವರು ಅವಳ ಫೋಟೋ ಕಳಿಸಿ ಹೆದರಿಸುತ್ತಿದ್ದರು. “ಅಂಕಲ್, ಈಗಲೇ ಅವಳ ಅಪ್ಪನಿಗೆ ಫೋನ್ ಮಾಡಿ, ನಾಳೆ ಊರಿಗೆ ಕಳಿಸಿಬಿಡೋಣ ಅಂತಿದ್ದೇವೆ” ಅಂದ ಹುಡುಗ. ಹಿಂದಿನ ಕಾಲವಾದರೆ ತೀರ್ಮಾನ ಇವರದೇ. ಈಗ ಇವರು ಒಂದೇ ಪ್ರಶ್ನೆ ಕೇಳಿದರು, “ಫೋನ್ ಇಟ್ಟ ಮೇಲೆ, ಇವತ್ತು ರಾತ್ರಿ ಅವಳ ಹತ್ತಿರ ಯಾರು ಮಲಗುತ್ತಾರೆ?”

ಜೋಡಿ ಒಬ್ಬರ ಮುಖ ಒಬ್ಬರು ನೋಡಿತು. ಆ ರಾತ್ರಿ ಕಾಸರಗೋಡಿನ ಹುಡುಗಿಯೇ ಚಾಪೆ ಹಾಸಿ ಅವಳ ಪಕ್ಕ ಮಲಗಿದಳು. ಬೆಳಿಗ್ಗೆ ಸೈಬರ್ ಪೊಲೀಸರಿಗೆ ದೂರು ಹೋಯಿತು. ಆಮೇಲೆ ಅಪ್ಪನಿಗೆ ಫೋನ್ ಮಾಡಿದವಳು ಆ ಹುಡುಗಿಯೇ. ಅವಳು ಈಗಲೂ ಕೆಲಸದಲ್ಲಿದ್ದಾಳೆ. ನಾವೇ ಆ ಜಾಗದಲ್ಲಿದ್ದರೆ ಅವಳು ನಮಗೆ ಬಾಯಿ ಬಿಡುತ್ತಿದ್ದಳೋ ಇಲ್ಲವೋ. ಅಕ್ಕನ ವಯಸ್ಸಿನವಳಿಗೆ ಹೇಳುವ ಮಾತನ್ನು ಅಜ್ಜಿಯ ಕಿವಿಗೆ ಯಾರು ಹೇಳುತ್ತಾರೆ, ನೀವೇ ಹೇಳಿ.

ಆಮೇಲೆ ತಿರುವನಂತಪುರದಲ್ಲಿ ಇನ್ನೊಂದು ಜೋಡಿ ಇಂಥದೇ ಮನೆ ಶುರುಮಾಡಿತು. ತಿಂಗಳಿಗೊಮ್ಮೆ ಬೆಳಗಿನ ವಂಚಿನಾಡು ಎಕ್ಸ್‌ಪ್ರೆಸ್ ಹಿಡಿದು ನಾವಿಬ್ಬರೂ ಅಲ್ಲಿಗೆ ಹೋಗುತ್ತೇವೆ. ಲೆಕ್ಕದ ಪುಸ್ತಕ ಮುಟ್ಟುವುದಿಲ್ಲ. ಕೋರಿ ರೊಟ್ಟಿಯ ಪ್ಯಾಕೆಟ್ಟು ಒಯ್ದು ಅವರ ಜಗಳ ಕೇಳಿಕೊಂಡು ಬರುತ್ತೇವೆ. ಗಂಡ ಹೆಂಡತಿ ಸೇರಿ ಒಂದು ಹಾಸ್ಟೆಲ್ ನಡೆಸಿದರೆ ಜಗಳ ಇದ್ದದ್ದೇ. ಆ ವಿದ್ಯೆಯಲ್ಲಿ ನಮಗೆ ಇಪ್ಪತ್ಮೂರು ವರ್ಷದ ಸರ್ವಿಸು.

ತಂಗಿಗೆ ಕೊನೆಗೂ ಹೇಳಿದೆ, “ಕೆಲಸ ಇಲ್ಲ ಮಾರಾಯ್ತಿ, ಬಿಡುವೂ ಇಲ್ಲ.” ಅವಳು ನಕ್ಕಳು. ಬಲ್ಮಠದ ಮನೆ ಎಂದಾದರೂ ನಮ್ಮನ್ನು ಕರೆದೇ ಕರೆಯುತ್ತದೆ. ಸದ್ಯಕ್ಕೆ ಓಣಿಯ ಮನೆಯ ಬಾಡಿಗೆ ಕರಾರನ್ನು ಇನ್ನು ಹನ್ನೊಂದು ತಿಂಗಳಿಗೆ ಬರೆಸಿದ್ದೇವೆ.