ಈ ಸಲ ಜಯಂತಿಗೆ ಪೀನಟ್ ಪಂಚ್ ಮಾಡೋಣ



ಏಪ್ರಿಲ್ 14 ಹತ್ತಿರ ಬಂತು. ಬಿಸಿಲು ಹೇಗಿದೆ ಅಂತ ನಾನು ಹೇಳಬೇಕಿಲ್ಲ. ಪ್ರತಿ ವರ್ಷ ಮೆರವಣಿಗೆ ಮುಗಿದ ಮೇಲೆ ಪಾನಕ, ಮಜ್ಜಿಗೆ, ಇಲ್ಲಾಂದ್ರೆ ಯಾವುದೋ ಕಂಪನಿಯ ಜ್ಯೂಸ್ ಪ್ಯಾಕೆಟ್ಟು. ಈ ಸಲ ನಮ್ಮ ಕೇರಿಯ ಹುಡುಗರಿಗೆ ಬೇರೆ ಒಂದು ಐಟಂ ಹೇಳಿದೀನಿ. ಅದರ ಹೆಸರು ಪೀನಟ್ ಪಂಚ್. "ಏನಣ್ಣಾ ಅದು, ಶೇಂಗಾ ಕುಡಿಯೋದಾ?" ಅಂತ ನಕ್ಕರು. ಹೌದು, ಕುಡಿಯೋದೇ. ಹೇಗೆ ಮಾಡೋದು, ಯಾಕೆ ಮಾಡಬೇಕು, ಎರಡನ್ನೂ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಪಂಚ್ ಅಂದ ಕೂಡಲೇ ಹೆಂಡ ಅಂದ್ಕೋಬೇಡಿ. ಇದು ಜಮೈಕಾ, ಟ್ರಿನಿಡಾಡ್ ಮುಂತಾದ ಕೆರಿಬಿಯನ್ ದ್ವೀಪಗಳ ಜನರ ಪಾನೀಯ. ಹುರಿದ ಶೇಂಗಾ ಬೆಣ್ಣೆ, ಹಾಲು, ಡಬ್ಬಿಯ ಕಂಡೆನ್ಸ್ಡ್ ಮಿಲ್ಕ್, ಜಾಜಿಕಾಯಿ, ಚಕ್ಕೆ ಇಷ್ಟೇ. ಗಟ್ಟಿಯಾಗಿ, ಕೆನೆ ಕೆನೆಯಾಗಿ ಇರುತ್ತೆ. ಅಲ್ಲಿ ಇದಕ್ಕೆ ಮೈಗೆ ಕಸುವು ಕೊಡೋ ಪಾನೀಯ ಅಂತ ಹೆಸರು. ಒಂದು ಲೋಟ ಕುಡಿದರೆ ಒಂದು ಹೊತ್ತಿನ ಊಟ ಮುಂದಕ್ಕೆ ಹೋಗುತ್ತೆ. ಜಾಜಿಕಾಯಿ ಆ ಕಡೆ ಎಷ್ಟು ದೊಡ್ಡ ಬೆಳೆ ಅಂದ್ರೆ, ಪಕ್ಕದ ಗ್ರೆನಡಾ ದೇಶದ ಬಾವುಟದಲ್ಲೇ ಜಾಜಿಕಾಯಿ ಇದೆ.

ಈಗ ಶೇಂಗಾದ ಕಥೆ ಕೇಳಿ. ಇದು ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಪೋರ್ಚುಗೀಸರು ಅದನ್ನ ಆಫ್ರಿಕಾಕ್ಕೆ ಒಯ್ದರು. ಆಮೇಲೆ ಮನುಷ್ಯರನ್ನ ಸರಪಳಿ ಹಾಕಿ ತುಂಬಿಕೊಂಡು ಹೋದ ಹಡಗುಗಳಲ್ಲಿ ಶೇಂಗಾನೂ ಅಟ್ಲಾಂಟಿಕ್ ದಾಟಿತು. ಜಮೈಕಾದ ಹಳಬರು ಶೇಂಗಾಕ್ಕೆ 'ಪಿಂಡಾ' ಅಂತಾರೆ. ಕಾಂಗೋ ಕಡೆಯ ಭಾಷೆಯ ಮಾತು ಅದು. ನಮ್ಮ ತಿಥಿಯ ಪಿಂಡಕ್ಕೂ ಅದಕ್ಕೂ ಸಂಬಂಧ ಇಲ್ಲ! ಕಬ್ಬಿನ ತೋಟದಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಒಡೆಯರು ಕೆಲಸಕ್ಕೆ ಬಾರದ ಅಂಚಿನ ನೆಲದ ತುಂಡು ಬಿಡ್ತಿದ್ದರು. ಅಲ್ಲಿ ಅವರು ತಮ್ಮ ಹೊಟ್ಟೆಗೆ ತಾವೇ ಬೆಳೆದುಕೊಳ್ಳಬೇಕಿತ್ತು. ಅವರ ಹೆಸರು ಕಸಿದರು, ದೇವರನ್ನ ಕಸಿದರು. ಬೀಜದ ಹೆಸರು ಮಾತ್ರ ಅವರ ಬಾಯಲ್ಲೇ ಉಳೀತು.

ಆ ದ್ವೀಪಗಳಿಗೂ ನಮಗೂ ಇನ್ನೊಂದು ನಂಟಿದೆ. 1838ರಲ್ಲಿ ಗುಲಾಮಗಿರಿ ಪೂರ್ತಿ ಮುಗೀತು. ತೋಟಕ್ಕೆ ಆಳು ಬೇಕಲ್ಲ? ಬ್ರಿಟಿಷರು ಇಂಡಿಯಾದಿಂದ ಕರಾರು ಕೂಲಿಗಳನ್ನ ಒಯ್ದರು. 1845ರ ಮೇ 30ಕ್ಕೆ ಮೊದಲ ಹಡಗು ಟ್ರಿನಿಡಾಡ್ ಮುಟ್ಟಿತು. ಆ ಪದ್ಧತಿ ನಿಲ್ಲೋ ಹೊತ್ತಿಗೆ ಟ್ರಿನಿಡಾಡಿಗೇ 1 ಲಕ್ಷದ 40 ಸಾವಿರಕ್ಕೂ ಹೆಚ್ಚು ಜನ ಹೋಗಿದ್ದರು. ಅವರಲ್ಲಿ ನಮ್ಮಂಥ ಅಸ್ಪೃಶ್ಯ ಜಾತಿಗಳವರೂ ಇದ್ದರು. ತಿಂಗಳುಗಟ್ಟಲೆ ಒಂದೇ ಹಡಗು, ಒಂದೇ ಅಡುಗೆ, ಒಂದೇ ನೀರು. ಊರಲ್ಲಿ ಮುಟ್ಟಿಸಿಕೊಳ್ಳದವರು ಅಲ್ಲಿ 'ಜಹಾಜಿ ಭಾಯಿ' ಆದರು, ಅಂದ್ರೆ ಹಡಗಿನ ಅಣ್ಣತಮ್ಮಂದಿರು. ಜಾತಿ ಅಲ್ಲಿ ಪೂರ್ತಿ ಸತ್ತಿತು ಅಂತ ನಾನು ಹೇಳಲ್ಲ. ಆದರೆ ಬಾವಿ ಬೇರೆ, ಲೋಟ ಬೇರೆ ಅನ್ನೋದು ಆ ಸಮುದ್ರದ ಮೇಲೆ ನಡೀಲಿಲ್ಲ.

ನಮ್ಮ ಕಡೆ ಚಳ್ಳಕೆರೆ, ಪಾವಗಡ ಸುತ್ತ ಎಲ್ಲಿ ನೋಡಿದರೂ ಶೇಂಗಾನೇ. ನಮ್ಮವ್ವ ಶೇಂಗಾ ಕೀಳೋಕೆ, ಬಿಡಿಸೋಕೆ ಹೋಗಿಯೇ ನಮ್ಮನ್ನ ಸಾಕಿದ್ದು. ಒಣಗಿದ ನೆಲದಿಂದ ಗಿಡ ಕಿತ್ತು ಕಿತ್ತು ಬೆರಳ ಸಂದು ಸೀಳುತ್ತಿತ್ತು. ಬೀಜ ಸುಲಿಯೋ ದಿನ ಹೆಬ್ಬೆರಳ ಉಗುರು ಕೆಂಪಗಾಗ್ತಿತ್ತು. ಹೊಲ ಖಾಲಿಯಾದ ಮೇಲೆ ನಾವು ಮಕ್ಕಳು ಹಕ್ಕಲು ಆಯೋಕೆ ಹೋಗ್ತಿದ್ವಿ. ಮಣ್ಣಲ್ಲಿ ಉಳಿದ ಕಾಯಿ ನಮ್ಮದು. ಕೂಲಿ ಬದಲು ಕಾಳು ಕೊಡೋ ಒಬ್ಬ ಗೌಡರಿದ್ದರು. ಒಳ್ಳೆ ಕಾಯಿ ಮಂಡಿಗೆ, ಜೊಳ್ಳು ಮತ್ತು ಮುಗ್ಗು ಹಿಡಿದದ್ದು ನಮ್ಮ ಸೆರಗಿಗೆ.

ಆ ಮುಗ್ಗಿನ ಮಾತು ಇಲ್ಲಿ ಮುಖ್ಯ, ಯಾಕಂದ್ರೆ ಅಡುಗೆ ಶುರುವಾಗೋದೇ ಕಾಳು ಆರಿಸೋದರಿಂದ. ಮುಗ್ಗು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ಅದು ಲಿವರ್ ಕೆಡಿಸುತ್ತೆ, ಕ್ಯಾನ್ಸರ್ ತರುತ್ತೆ. ಹುರಿದರೂ ಪೂರ್ತಿ ಹೋಗಲ್ಲ. ಹಾಗಾಗಿ ಸುಕ್ಕು, ಕಪ್ಪು, ಹಸಿರು ಬೂಸ್ಟು, ಕಹಿ ಕಾಳು ಕಂಡರೆ ಎಸೀರಿ. ಎಷ್ಟೋ ತಲೆಮಾರು ನಮ್ಮ ಪಾಲಿಗೆ ಬಂದದ್ದು ಅದೇ ಕಾಳು. ಇನ್ನು ಬೇಡ.

ಮಾಡೋ ವಿಧಾನ ಹೀಗೆ. ಆರು ಸಣ್ಣ ಲೋಟಕ್ಕೆ ಅಳತೆ ಹೇಳ್ತೀನಿ.

ಒಂದು ಕಪ್, ಅಂದ್ರೆ ಸುಮಾರು 150 ಗ್ರಾಂ ಒಳ್ಳೆ ಕಾಳು ತಗೊಳ್ಳಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 10-12 ನಿಮಿಷ ಹುರೀರಿ. ಅವಸರ ಮಾಡಿ ಉರಿ ಏರಿಸಿದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತೆ. ಆರಿದ ಮೇಲೆ ಉಜ್ಜಿ ಸಿಪ್ಪೆ ತೂರಿ. ಒಣ ಮಿಕ್ಸಿ ಜಾರಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಮೊದಲು ಪುಡಿಯಾಗುತ್ತೆ, ಆಮೇಲೆ ಮುದ್ದೆ ಕಟ್ಟುತ್ತೆ, ಕೊನೆಗೆ ಎಣ್ಣೆ ಬಿಟ್ಟು ಬೆಣ್ಣೆಯಂತಾಗುತ್ತೆ. ಮುದ್ದೆ ಹಂತದಲ್ಲಿ ನೀರು ಹಾಕಬೇಡಿ, ತಾಳ್ಮೆ ಇರಲಿ. ನುಣುಪಾದಷ್ಟೂ ಪಂಚ್ ಕೆನೆಯಾಗುತ್ತೆ.

ಈಗ ಕಾಯಿಸಿ ಆರಿಸಿ ತಣ್ಣಗೆ ಮಾಡಿದ ಹಾಲು ಮುಕ್ಕಾಲು ಲೀಟರ್. ಒಂದೇ ಸಲ ಸುರೀಬೇಡಿ. ಮೊದಲು ಅರ್ಧ ಲೋಟ ಹಾಕಿ ತಿರುಗಿಸಿ, ಗಂಟಿಲ್ಲದೆ ಬೆರೆತ ಮೇಲೆ ಉಳಿದದ್ದು. ಮೂರು ನಾಲ್ಕು ಚಮಚ ಕಂಡೆನ್ಸ್ಡ್ ಮಿಲ್ಕ್, ಕಾಲು ಚಮಚ ಚಕ್ಕೆ ಪುಡಿ, ತುರಿದ ಜಾಜಿಕಾಯಿ ಎರಡು ಚಿಟಿಕೆ, ಒಂದು ಚಿಟಿಕೆ ಉಪ್ಪು. ಉಪ್ಪು ಮರೀಬೇಡಿ, ಶೇಂಗಾದ ರುಚಿ ಎದ್ದು ಬರೋದೇ ಅದರಿಂದ. ಜಾಜಿಕಾಯಿ ಮಾತ್ರ ಹೆಚ್ಚಾದರೆ ತಲೆ ತಿರುಗುತ್ತೆ, ಹಿಡಿತ ಇರಲಿ. ಬೇಕಿದ್ದರೆ ವೆನಿಲ್ಲಾ ಎರಡು ಹನಿ. ಕಂಡೆನ್ಸ್ಡ್ ಮಿಲ್ಕ್ ದುಬಾರಿ ಅನ್ನೋರು ಬೆಲ್ಲದ ಪಾಕ ಮಾಡಿ, ಸೋಸಿ, ಪೂರ್ತಿ ಆರಿಸಿ ಹಾಕಿ. ಬಿಸಿ ಹಾಲಿಗೆ ಬೆಲ್ಲ ಹಾಕಿದರೆ ಒಡೆಯಬಹುದು.

ಹಾಲೇ ಬೇಡ ಅನ್ನೋರು ಅಥವಾ ಹಾಲು ಒಗ್ಗದವರು ಹಸಿ ಶೇಂಗಾ 8 ಗಂಟೆ ನೆನೆಸಿ, ಒಂದಕ್ಕೆ ನಾಲ್ಕರಷ್ಟು ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ತಳ ಹತ್ತದಂತೆ ಕಲಸ್ತಾ 10-15 ನಿಮಿಷ ಕುದಿಸಿ. ಅದೇ ಶೇಂಗಾ ಹಾಲು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಶೇಂಗಾದ ಪ್ರೋಟೀನನ್ನ ಎಮ್ಮೆ ಹಾಲಿಗೆ ಬೆರೆಸಿ 'ಮಿಲ್ಟೋನ್' ಅಂತ ಮಾಡಿತ್ತು. ಹೊಸ ಹುಚ್ಚೇನಲ್ಲ ಇದು.

ನೂರು ಜನಕ್ಕೆ ಎರಡೂವರೆ ಕೆಜಿ ಕಾಳು, ಹನ್ನೆರಡೂವರೆ ಲೀಟರ್ ಹಾಲು ಬೇಕು. ಐಸ್ ಮೇಲೆ ಇಡಿ. ಹೊರಗೆ ಬಿಸಿಲಲ್ಲಿ ಒಂದು ಗಂಟೆ ಮೀರಿದರೆ ಕೊಡಬೇಡಿ. ಶೇಂಗಾ ಅಲರ್ಜಿ ಇರೋರು ಇರ್ತಾರೆ, ಅವರಿಗೆ ಜೀವಕ್ಕೇ ಅಪಾಯ. ಪಾತ್ರೆ ಮೇಲೆ ದೊಡ್ಡದಾಗಿ 'ಶೇಂಗಾ ಇದೆ' ಅಂತ ಬರೆದು ಅಂಟಿಸಿ.

ಇನ್ನೊಬ್ಬರ ಹೆಸರು ಹೇಳದೆ ಇದು ಮುಗಿಯಲ್ಲ. ಜಾರ್ಜ್ ವಾಷಿಂಗ್ಟನ್ ಕಾರ್ವರ್. ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಕೃಷಿ ವಿಜ್ಞಾನಿಯಾದವರು. 1896ರಿಂದ ಅಲಬಾಮಾದ ಟಸ್ಕೀಗಿಯಲ್ಲಿ ಪಾಠ ಮಾಡಿದರು. ಹತ್ತಿ ಬೆಳೆದು ಬೆಳೆದು ಸತ್ತ ನೆಲಕ್ಕೆ ಶೇಂಗಾ ಹಾಕಿ ಅಂತ ಬಡ ಕಪ್ಪು ರೈತರಿಗೆ ಹೇಳಿಕೊಟ್ಟರು, ಯಾಕಂದ್ರೆ ಅದರ ಬೇರು ಮಣ್ಣಿಗೆ ಸಾರಜನಕ ಕೊಡುತ್ತೆ. 1916ರಲ್ಲಿ ಶೇಂಗಾದ 105 ಬಗೆಯ ಅಡುಗೆಯ ಕಿರುಹೊತ್ತಿಗೆ ತಂದರು. 1921ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಶೇಂಗಾ ಹಾಲನ್ನೂ ಇಟ್ಟು ಮಾತಾಡಿದರು. ಒಬ್ಬ ಸದಸ್ಯ ಅವರ ಬಣ್ಣವನ್ನ ಆಡಿಕೊಳ್ಳೋ ಜೋಕ್ ಹೊಡೆದ. ಕೊಟ್ಟಿದ್ದು ಹತ್ತು ನಿಮಿಷ. ಕಾರ್ವರ್ ಮಾತು ನಿಲ್ಲಿಸಲಿಲ್ಲ, ಕೊನೆಗೆ ಸಮಿತಿಯೇ ಎಷ್ಟು ಹೊತ್ತು ಬೇಕಾದರೂ ಮಾತಾಡಿ ಅಂತು. ಪೀನಟ್ ಬಟರ್ ಕಂಡುಹಿಡಿದದ್ದು ಅವರೇ ಅಂತ ವಾಟ್ಸಾಪಲ್ಲಿ ಓಡಾಡುತ್ತೆ, ಅದು ನಿಜ ಅಲ್ಲ. ಅವರ ದೊಡ್ಡತನಕ್ಕೆ ಸುಳ್ಳಿನ ಸಹಾಯ ಬೇಕಿಲ್ಲ.

ಬಾಬಾಸಾಹೇಬರು 1946ರಲ್ಲಿ ಡು ಬೋಯಿಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬೈಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್‌ಗಳನ್ನ ನೋಡಿ ದಲಿತ್ ಪ್ಯಾಂಥರ್ಸ್ ಕಟ್ಟಿದರು. ಆ ನಂಟು ಪುಸ್ತಕದಲ್ಲಷ್ಟೇ ಯಾಕಿರಬೇಕು? ಲೋಟದಲ್ಲೂ ಇರಲಿ.

ಕೊನೆಗೆ ಒಂದು ಎಚ್ಚರಿಕೆ. ಈ ಪೋಸ್ಟನ್ನ ಹಿಡ್ಕೊಂಡು ಯಾರೂ "ನೋಡಿ, ಶೇಂಗಾದಲ್ಲೇ ಪ್ರೋಟೀನ್ ಇದೆ, ಮಕ್ಕಳಿಗೆ ಮೊಟ್ಟೆ ಯಾಕೆ" ಅಂತ ಬರಬೇಡಿ. 2021ರ ಡಿಸೆಂಬರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಮಠದವರು ಕೆಲವರು ಎಷ್ಟು ಗದ್ದಲ ಮಾಡಿದರು ಅಂತ ನೋಡಿದೀವಿ. ಶೇಂಗಾ ಚಿಕ್ಕಿ ಬೇಕು ಅನ್ನೋ ಮಗುವಿಗೆ ಚಿಕ್ಕಿ ಕೊಡಿ, ತಕರಾರಿಲ್ಲ. 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇರೋದು ನಿಜ. ಆದರೆ ಅದರಲ್ಲಿ ಲೈಸೀನ್ ಕಮ್ಮಿ, ಮೊಟ್ಟೆಯ ಪ್ರೋಟೀನ್ ಪೂರ್ಣ. ನಮ್ಮ ಮಕ್ಕಳ ತಟ್ಟೆಯಿಂದ ಒಂದನ್ನ ಎತ್ತಿ ಇನ್ನೊಂದನ್ನ ಇಡೋ ಹಕ್ಕು ಯಾರಿಗೂ ಇಲ್ಲ. ನಮಗೆ ಮೊಟ್ಟೆನೂ ಬೇಕು, ಶೇಂಗಾನೂ ಬೇಕು, ಹಾಲೂ ಬೇಕು. 'ಬಡವರ ಬಾದಾಮಿ' ಅಂತ ಶೇಂಗಾಕ್ಕೆ ಹೆಸರಿಟ್ಟವರು ಬಾದಾಮಿ ತಮಗೇ ಇಟ್ಟುಕೊಂಡು ಆ ಮಾತು ಹೇಳಿದ್ದು.

14ಕ್ಕೆ ಪಂಚ್ ಮಾಡೋ ಕೇರಿಗಳು ಎರಡು ಕೆಲಸ ಮಾಡಿ. ರುಬ್ಬೋ ಕೆಲಸ ಗಂಡುಹುಡುಗರು ಮಾಡಲಿ, ಅವ್ವಂದಿರು ಕೂತು ಕುಡೀಲಿ. ಮೊದಲ ಲೋಟ ಶೇಂಗಾ ಬಿಡಿಸಿದ ಕೈಗೆ ಕೊಡಿ. ಊರೊಳಗಿನವರನ್ನೂ ಕರೀರಿ. ಬಂದು ನಮ್ಮ ಲೋಟದಲ್ಲಿ ಕುಡಿದರೆ ಸಂತೋಷ. ಬರದಿದ್ದರೆ ಅವರ ಪಾಲಿನದನ್ನ ಮಕ್ಕಳಿಗೆ ಎರಡನೇ ಸುತ್ತು ಹಾಕಿ.

ಮಾಡಿದವರು ಫೋಟೋ ಹಾಕಿ, ಹೇಗಾಯ್ತು ಹೇಳಿ. ಜೈ ಭೀಮ್.